ಲೆಕ್ಕವನ್ನು ಅನುಮಾನಿಸುವ ವಿದ್ಯೆ: ಗಣಕ ರಸಾಯನವಿಜ್ಞಾನ ಮತ್ತು ಗಡಿನಾಡಿನ ವಿದ್ಯಾರ್ಥಿ



ರಸಾಯನವಿಜ್ಞಾನ ಎಂದೊಡನೆ ಗಾಜಿನ ಪ್ರನಾಳ, ಉರಿಯುವ ಬರ್ನರು, ಮೂಗಿಗೆ ಅಡರುವ ವಾಸನೆ ಇವೇ ನಮ್ಮ ನೆನಪಿಗೆ ಬರುತ್ತವೆ. ಇವುಗಳ ಸಹವಾಸವೇ ಇಲ್ಲದೆ, ಗಣಕಯಂತ್ರದ ಮುಂದೆ ಕೂತು, ಇನ್ನೂ ಯಾರೂ ತಯಾರಿಸಿಲ್ಲದ ವಸ್ತುವೊಂದು ವಿದ್ಯುತ್ತನ್ನು ಹರಿಸೀತೇ, ಯಾವ ಬೆಳಕನ್ನು ಹೀರೀತು, ಎಷ್ಟು ಬಿಸಿ ತಡೆದೀತು ಎಂದು ಲೆಕ್ಕ ಹಾಕಿ ಹೇಳುವ ರಸಾಯನವಿಜ್ಞಾನಿಗಳೂ ಇದ್ದಾರೆ. ಸೌರಫಲಕ, ಬ್ಯಾಟರಿ, ಆಯಸ್ಕಾಂತ, ನೀರು ಸೋಸುವ ಪುಡಿ ಇವೆಲ್ಲಕ್ಕೂ ಹೊಸ ವಸ್ತು ಹುಡುಕುವ ಕಡೆಗಳಲ್ಲಿ ಇವತ್ತು ಅವರಿಗೆ ಒಂದು ಕುರ್ಚಿ ಇದ್ದೇ ಇರುತ್ತದೆ. ಈ ಗಣಕ ರಸಾಯನವಿಜ್ಞಾನದ ಬಗ್ಗೆ ಕಾಲೇಜುಗಳಲ್ಲೂ ಯೋಜನೆ ರೂಪಿಸುವ ಸಭೆಗಳಲ್ಲೂ ಒಂದು ಮಾತು ಆಗಾಗ ಕೇಳಿಬರುತ್ತದೆ: ಇದಕ್ಕೆ ಕೋಟಿಗಟ್ಟಲೆ ಬೆಲೆಯ ಉಪಕರಣ ಬೇಡ, ಒಂದು ಲ್ಯಾಪ್‌ಟಾಪು ಮತ್ತು ಇಂಟರ್ನೆಟ್ಟು ಸಾಕು, ಹಾಗಾಗಿ ಒಳ್ಳೆಯ ಪ್ರಯೋಗಾಲಯ ಇಲ್ಲದ ಊರಿನ ಮಕ್ಕಳಿಗೆ ಇದು ಹೇಳಿ ಮಾಡಿಸಿದ ವಿದ್ಯೆ. ಮಾತು ಪೂರಾ ಸುಳ್ಳಲ್ಲ. ಆದರೆ ಅದರಲ್ಲಿ ನಿಜವಾಗಿರುವ ಅರ್ಧಕ್ಕಿಂತ ತಪ್ಪಾಗಿರುವ ಅರ್ಧವೇ ವಿದ್ಯಾರ್ಥಿಯ ಹಣೆಬರಹ ತೀರ್ಮಾನಿಸುತ್ತದೆ. ನನ್ನ ವಾದ ಇಷ್ಟು. ಲೆಕ್ಕ ಹಾಕುವುದು ಈ ವಿದ್ಯೆಯ ಸುಲಭದ ಭಾಗ. ಬಂದ ಉತ್ತರವನ್ನು ಎಷ್ಟು ನಂಬಬೇಕು ಎಂದು ತಿಳಿಯುವುದು ಕಷ್ಟದ ಭಾಗ. ಆ ತಿಳಿವಳಿಕೆ ತಂತ್ರಾಂಶದ ಜೊತೆಗೆ ಬರುವುದಿಲ್ಲ. ವಸ್ತುವನ್ನು ಕೈಯಾರೆ ತಯಾರಿಸಿ, ಅಳೆದು, ಸೋತು ಗೊತ್ತಿರುವವರ ಪಕ್ಕದಲ್ಲಿ ವರ್ಷಗಟ್ಟಲೆ ಕೂತರೆ ಬರುತ್ತದೆ. ಆಂಧ್ರದ ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಗಡಿನಾಡಿನ ಹುಡುಗ ಹುಡುಗಿಯರಿಗೆ ಸಿಗದೆ ಹೋಗುತ್ತಿರುವುದು ಆ ಪಕ್ಕದ ಜಾಗ.

ಈ ಕಸುಬಿನ ಮೂಲಪುರುಷರಲ್ಲಿ ಒಬ್ಬರು ನಮ್ಮ ದಖ್ಖನಿನವರೇ. ಅನೀಸುರ್ ರಹಮಾನ್ 1927ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದರು. ಕೇಂಬ್ರಿಜ್‌ನಲ್ಲೂ ಬೆಲ್ಜಿಯಂನ ಲುವೆನ್‌ನಲ್ಲೂ ಓದಿ, ಕೊನೆಗೆ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ ಸೇರಿದರು. 1964ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ದ್ರವ ಆರ್ಗಾನ್‌ನ 864 ಪರಮಾಣುಗಳಿವೆ (ಪ್ರಯೋಗಾಲಯದ ಹೆಸರಿಗೂ ಅನಿಲದ ಹೆಸರಿಗೂ ಇರುವ ಹೋಲಿಕೆ ಬರಿಯ ಕಾಕತಾಳೀಯ). ಪ್ರತಿ ಪರಮಾಣುವಿನ ಮೇಲೆ ಉಳಿದವು ಎಷ್ಟು ಬಲ ಹಾಕುತ್ತವೆ ಎಂದು ಲೆಕ್ಕ ಮಾಡುವುದು, ನ್ಯೂಟನ್ನನ ನಿಯಮದಂತೆ ಎಲ್ಲವನ್ನೂ ಕೂದಲೆಳೆಯಷ್ಟು ಸರಿಸುವುದು, ಮತ್ತೆ ಬಲ ಲೆಕ್ಕ ಮಾಡುವುದು. ಇಷ್ಟನ್ನೇ ಯಂತ್ರ ಬೇಸರವಿಲ್ಲದೆ ಮಾಡುತ್ತಾ ಹೋಯಿತು. ಇವತ್ತು ಅದೇ ಲೆಕ್ಕವನ್ನು ಸಾಧಾರಣ ಲ್ಯಾಪ್‌ಟಾಪು ನೋಡುನೋಡುತ್ತಿದ್ದಂತೆ ಮುಗಿಸುತ್ತದೆ. ಹಾಗಂತ ಲ್ಯಾಪ್‌ಟಾಪು ಇರುವವರೆಲ್ಲ ರಹಮಾನ್ ಆಗಲಿಲ್ಲ. ಆ ಲೇಖನದಲ್ಲಿ ಗಮನಿಸಬೇಕಾದ್ದು ಯಂತ್ರ ಓಡಿದ ಪರಿಯನ್ನಲ್ಲ. ಓಡಿ ನಿಂತಮೇಲೆ ಅವರು ಕೇಳಿದ ಪ್ರಶ್ನೆಗಳನ್ನು. ಪರಮಾಣುಗಳ ನಡುವಿನ ಸರಾಸರಿ ದೂರ ಪ್ರಯೋಗದಲ್ಲಿ ಕಂಡ ದೂರಕ್ಕೆ ಹೊಂದುತ್ತದೆಯೇ? ಅವು ದ್ರವದಲ್ಲಿ ಹರಡಿಕೊಳ್ಳುವ ವೇಗ ಅಳೆದ ವೇಗಕ್ಕೆ ಸಮನಾಗಿದೆಯೇ? ಹುಟ್ಟಿದ ದಿನದಿಂದಲೇ ಈ ವಿದ್ಯೆ ತನ್ನ ಪಕ್ಕದಲ್ಲಿ ಪ್ರಯೋಗವನ್ನು ಕೂರಿಸಿಕೊಂಡಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪರಮಾಣುಗಳ ಓಡಾಟಕ್ಕೆ ನ್ಯೂಟನ್ ಸಾಕು. ವಸ್ತುವಿನ ಬಣ್ಣ, ವಿದ್ಯುತ್ತು, ಕಾಂತತ್ವ ಬೇಕೆಂದರೆ ಎಲೆಕ್ಟ್ರಾನುಗಳ ಮನೆಗೇ ಹೋಗಬೇಕು, ತೊಡಕು ಶುರುವಾಗುವುದು ಅಲ್ಲಿ. ರಾಯದುರ್ಗ ಸೀಮೆಯ ವಸ್ತುವನ್ನೇ ತೆಗೆದುಕೊಳ್ಳೋಣ. ಡಿ. ಹಿರೇಹಾಳು ಮಂಡಲದ ಓಬಳಾಪುರದ ಬೆಟ್ಟಗಳಲ್ಲಿರುವುದು ಹೆಮಟೈಟ್ ಎಂಬ ಕಬ್ಬಿಣದ ಅದಿರು: ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ. ಅದರ ಹರಳಿನಲ್ಲಿ ಮತ್ತೆ ಮತ್ತೆ ಬರುವ ಅತಿ ಚಿಕ್ಕ ಘಟಕದಲ್ಲಿ 10 ಪರಮಾಣುಗಳಿವೆ, ನಾಲ್ಕು ಕಬ್ಬಿಣದವು, ಆರು ಆಮ್ಲಜನಕದವು. ಕಬ್ಬಿಣಕ್ಕೆ 26 ಎಲೆಕ್ಟ್ರಾನು, ಆಮ್ಲಜನಕಕ್ಕೆ 8, ಒಟ್ಟು 152. ಒಂದೊಂದು ಎಲೆಕ್ಟ್ರಾನಿನ ಜಾಗ ಹೇಳಲು ಮೂರು ಅಂಕಿ ಬೇಕು, ಹೀಗೆ 456 ಅಂಕಿ. ಒಂದೊಂದು ಅಂಕಿಗೂ ಹತ್ತೇ ಹತ್ತು ಬೆಲೆ ಇಟ್ಟುಕೊಂಡು ಶ್ರೋಡಿಂಗರ್ ಸಮೀಕರಣದ ಉತ್ತರವನ್ನು ಪಟ್ಟಿ ಮಾಡಹೊರಟರೆ, ಒಂದರ ಮುಂದೆ 456 ಸೊನ್ನೆ ಬರೆದಷ್ಟು ಸಾಲುಗಳಾಗುತ್ತವೆ. ಕಾಣುವ ವಿಶ್ವದ ಪರಮಾಣುಗಳನ್ನೆಲ್ಲ ಎಣಿಸಿದರೂ ಸುಮಾರು 80 ಸೊನ್ನೆ ಸಾಕಾಗುತ್ತದೆ ಎನ್ನುತ್ತಾರೆ. ಅಂದರೆ ಅಂಗೈಯಲ್ಲಿರುವ ಅದಿರಿನ ಕಣವೊಂದರ ಮುಂದೆ ನೇರ ಲೆಕ್ಕ ಕೈಚೆಲ್ಲಿ ಕೂರುತ್ತದೆ. 1964ರಲ್ಲಿ ವಾಲ್ಟರ್ ಕೋನ್ ಮತ್ತು ಪಿಯರ್ ಹೋಹೆನ್‌ಬರ್ಗ್ ತೋರಿಸಿದ್ದು, ಮರುವರ್ಷ ಕೋನ್ ಮತ್ತು ಲು ಶಾಮ್ ಬಳಕೆಗೆ ತಂದದ್ದು, ಈ ಗೋಡೆಯಲ್ಲೊಂದು ಬಾಗಿಲು. ಪ್ರತಿ ಎಲೆಕ್ಟ್ರಾನಿನ ಬೆನ್ನು ಹತ್ತಬೇಡಿ, ಜಾಗ ಜಾಗದಲ್ಲಿ ಎಲೆಕ್ಟ್ರಾನುಗಳ ಸಾಂದ್ರತೆ ಎಷ್ಟು ಎಂಬುದೊಂದೇ ಗೊತ್ತಿದ್ದರೆ ಸಾಕು, ವಸ್ತುವಿನ ಕನಿಷ್ಠ ಶಕ್ತಿ ಅದರೊಳಗೇ ಅಡಗಿದೆ ಎಂದರು. 456 ಅಂಕಿಗಳ ಜಾಗದಲ್ಲಿ ಮೂರು ಉಳಿದವು. 1998ರ ರಸಾಯನವಿಜ್ಞಾನದ ನೊಬೆಲ್ ಬಹುಮಾನದಲ್ಲಿ ಅರ್ಧ ಭೌತವಿಜ್ಞಾನಿಯಾದ ಈ ಕೋನ್‌ಗೆ ಸಂದಿತು, ಇನ್ನರ್ಧ ಗಣಿತ ಓದಿ ಬಂದ ಜಾನ್ ಪೋಪಲ್‌ಗೆ. ಆದರೆ ಬಾಗಿಲಿಗೊಂದು ಚಿಲಕ ಉಳಿದೇ ಇದೆ. ಎಲೆಕ್ಟ್ರಾನುಗಳು ಒಂದನ್ನೊಂದು ತಪ್ಪಿಸಿಕೊಂಡು ಓಡಾಡುವುದರಿಂದ ಬರುವ ಶಕ್ತಿಗೆ ನಿಖರವಾದ ಸೂತ್ರ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಎಲ್ಲರೂ ಬಳಸುವುದು ಅಂದಾಜು ಸೂತ್ರಗಳನ್ನು. ಗಣಕ ರಸಾಯನದ ಅರ್ಧ ಜಗಳ ಈ ಅಂದಾಜಿನದು.

ಅಂದಾಜು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಹೆಮಟೈಟೇ ತೋರಿಸಿಕೊಡುತ್ತದೆ. ವಸ್ತುವಿನೊಳಗೆ ಎಲೆಕ್ಟ್ರಾನುಗಳು ತುಂಬಿರುವ ಮಟ್ಟಕ್ಕೂ ಖಾಲಿ ಇರುವ ಮೇಲಿನ ಮಟ್ಟಕ್ಕೂ ನಡುವೆ ಇರುವ ಶಕ್ತಿಯ ಅಂತರ ಅದರ ಬಣ್ಣವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಶಕ್ತಿ ಸುಮಾರು 1.6ರಿಂದ 3.1 ಎಲೆಕ್ಟ್ರಾನ್ ವೋಲ್ಟಿನೊಳಗೆ ಇರುತ್ತದೆ. ಕೆಂಪು ಕೆಳಗೆ, ನೇರಳೆ ಮೇಲೆ. ಪ್ರಯೋಗದಲ್ಲಿ ಅಳೆದಾಗ ಹೆಮಟೈಟಿನ ಅಂತರ ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್. ಹಾಗಾಗಿ ಅದು ನೀಲಿ ಹಸಿರು ಬೆಳಕನ್ನು ನುಂಗಿ ಕೆಂಪನ್ನು ಬಿಟ್ಟುಕೊಡುತ್ತದೆ. ಬಹಳ ಮಂದಿ ಬಳಸುವ ಸಾಮಾನ್ಯ ಅಂದಾಜು ಸೂತ್ರ ಹಾಕಿ ಲೆಕ್ಕ ಮಾಡಿದರೆ ಬರುವುದು ಸುಮಾರು ಅರ್ಧ ಎಲೆಕ್ಟ್ರಾನ್ ವೋಲ್ಟ್. ಯಂತ್ರ ಎಲ್ಲೂ ಎಡವಿರುವುದಿಲ್ಲ, ತೆರೆಯ ಮೇಲೆ ಎಚ್ಚರಿಕೆಯ ಸೂಚನೆ ಬಂದಿರುವುದಿಲ್ಲ, ಉತ್ತರ ನಾಲ್ಕು ದಶಮಾಂಶ ಸ್ಥಾನದವರೆಗೆ ಅಚ್ಚುಕಟ್ಟಾಗಿ ಇರುತ್ತದೆ. ಆ ಉತ್ತರ ನಿಜವಾಗಿದ್ದರೆ ಹೆಮಟೈಟ್ ಕಾಣುವ ಬೆಳಕನ್ನೆಲ್ಲ ಹೀರಬೇಕು, ಎಷ್ಟೇ ಸಣ್ಣಗೆ ಅರೆದರೂ ಪುಡಿ ಕಪ್ಪಗೇ ಉಳಿಯಬೇಕು. ಅದಿರಿನ ಗಟ್ಟಿ ಕಪ್ಪು ಬೂದು ಬಣ್ಣಕ್ಕಿದ್ದರೂ ಅದರ ಪುಡಿ ರಕ್ತಗೆಂಪು ಎಂಬುದನ್ನು ಹಿರೇಹಾಳು ಕಡೆಯ ಮಕ್ಕಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಳಿಗೆ ತಡೆ ಹಾಕುವ ತನಕ ಆ ರಸ್ತೆಗಳಲ್ಲಿ ಲಾರಿ ಓಡಿದಷ್ಟೂ ದಿನ ಹೊಲದ ಬೆಳೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಅದೇ ಕೆಂಪು ಕೂರುತ್ತಿತ್ತು. ಆ ಬೆಟ್ಟವನ್ನು ಸಾಗಿಸಲು ಇದ್ದ ಅವಸರದಲ್ಲಿ ನೂರನೆಯ ಒಂದು ಪಾಲು ಅದನ್ನು ಅರಿಯಲು ಇದ್ದಿದ್ದರೆ ರಾಯದುರ್ಗದಲ್ಲಿ ಇಷ್ಟು ಹೊತ್ತಿಗೆ ಒಂದು ಖನಿಜ ಸಂಶೋಧನಾಲಯ ಎದ್ದಿರುತ್ತಿತ್ತು, ಇರಲಿ.

ತಪ್ಪು ಕಂಡುಹಿಡಿದ ಮೇಲೆ ಅದನ್ನು ತಿದ್ದುವುದರಲ್ಲಿ ಇನ್ನೊಂದು ಅಪಾಯ ಇದೆ. ಕಬ್ಬಿಣದ ಪರಮಾಣುವಿಗೆ ಅಂಟಿಕೊಂಡಿರುವ ಕೆಲವು ಎಲೆಕ್ಟ್ರಾನುಗಳು ಒಂದೇ ಜಾಗದಲ್ಲಿ ಕೂಡಿದಾಗ ಹೆಚ್ಚಿನ ದಂಡ ತೆರಬೇಕು ಎಂಬ ತಿದ್ದುಪಡಿಯನ್ನು 1990ರ ದಶಕದ ಆರಂಭದಿಂದ ಈ ಲೆಕ್ಕಗಳಿಗೆ ಸೇರಿಸುವ ರೂಢಿ ಇದೆ. ದಂಡದ ಮೊತ್ತವನ್ನು ಸುಮಾರು 4 ಎಲೆಕ್ಟ್ರಾನ್ ವೋಲ್ಟ್ ಎಂದು ಇಟ್ಟರೆ ಹೆಮಟೈಟಿನ ಅಂತರ 2ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಉತ್ತರ ಗೊತ್ತಿದ್ದು ಲೆಕ್ಕ ಹೊಂದಿಸಿದ ಹಾಗಾಗಲಿಲ್ಲವೇ? ಆಯಿತು. ಇದನ್ನೇ ವಿದ್ಯೆ ಎಂದು ಮುಂದಿಟ್ಟರೆ ಪ್ರಾಮಾಣಿಕ ಪ್ರಯೋಗಕಾರರು ನಗುತ್ತಾರೆ. ಒಳ್ಳೆಯ ಗಣಕ ರಸಾಯನಜ್ಞ ಅಲ್ಲಿಗೆ ನಿಲ್ಲಿಸುವುದಿಲ್ಲ. ಅದೇ ದಂಡವನ್ನು ಬದಲಿಸದೆ ಹರಳಿನ ಗಾತ್ರ ಸರಿ ಬರುತ್ತದೆಯೇ, ಕಬ್ಬಿಣದ ಕಾಂತತ್ವ ಅಳತೆಗೆ ಹತ್ತಿರವಾಗುತ್ತದೆಯೇ, ತುಂಬಿದ ಮಟ್ಟದ ತುದಿಯಲ್ಲಿ ಇರುವುದು ಆಮ್ಲಜನಕದ ಎಲೆಕ್ಟ್ರಾನುಗಳೇ ಕಬ್ಬಿಣದವೇ, ಬೆಳಕು ಹಾಯಿಸಿ ಎಲೆಕ್ಟ್ರಾನು ಹೊರಡಿಸುವ ಪ್ರಯೋಗ ಏನು ಹೇಳುತ್ತದೆ ಎಂದು ಒಂದೊಂದಾಗಿ ನೋಡುತ್ತಾ ಹೋಗುತ್ತಾರೆ. ಹೊಂದಿಸಿದ್ದು ಒಂದು, ಹೊಂದಿಸದೆಯೂ ಸರಿಹೋದದ್ದು ಮೂರು ಎಂದಾದರೆ ಮಾತ್ರ ಲೆಕ್ಕಕ್ಕೆ ಮರ್ಯಾದೆ. ಬಿಸಿಲಿನಿಂದ ನೀರನ್ನು ಒಡೆದು ಜಲಜನಕ ಪಡೆಯಲು ಹೆಮಟೈಟ್ ಆದೀತೇ ಎಂದು ಜಗತ್ತಿನ ಎಷ್ಟೋ ಗುಂಪುಗಳು ತಲೆ ಕೆಡಿಸಿಕೊಂಡಿವೆ. ವಸ್ತು ಅಗ್ಗ, ಬಣ್ಣ ಅನುಕೂಲ, ಆದರೆ ಬೆಳಕು ಹುಟ್ಟಿಸಿದ ಧನ ಆವೇಶ ಕೆಲವೇ ನ್ಯಾನೊಮೀಟರು ಸಾಗುವಷ್ಟರಲ್ಲಿ ಕಳೆದುಹೋಗುತ್ತದೆ. ಆ ಗುಂಪುಗಳಲ್ಲಿ ಯಾವ ಸಂಖ್ಯೆಯನ್ನು ನೆಚ್ಚಿ ಮುಂದಿನ ಆರು ತಿಂಗಳ ಪ್ರಯೋಗಕ್ಕೆ ಇಳಿಯಬಹುದು ಎಂದು ಹೇಳಬಲ್ಲವರಿಗೆ ಬೆಲೆ. ಸಂಖ್ಯೆ ಕೊಡಬಲ್ಲವರು ಬೇಕಾದಷ್ಟು ಜನ ಸಿಗುತ್ತಾರೆ.

ಹಾಗಾದರೆ ಲೆಕ್ಕವನ್ನು ಸದಾ ಅನುಮಾನಿಸುತ್ತಲೇ ಇರಬೇಕೇ? ಬೆಂಗಳೂರಿನ ಒಂದು ಸಂಶೋಧನೆ ಇದಕ್ಕೆ ಬೇರೆಯದೇ ಉತ್ತರ ಕೊಡುತ್ತದೆ. 1976ರಲ್ಲಿ ಸಿ.ಎನ್.ಆರ್. ರಾವ್ ಕಾನ್ಪುರದ ಐಐಟಿಯಿಂದ ಮರಳಿ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ಮತ್ತು ಸಂರಚನಾ ರಸಾಯನ ಘಟಕವನ್ನು ಕಟ್ಟಿದರು. ರಾವ್ ಪ್ರಯೋಗದ ಮನುಷ್ಯ, ಒಲೆಯಲ್ಲಿ ಆಕ್ಸೈಡುಗಳನ್ನು ಬೇಯಿಸಿ ಗುಣ ನೋಡುವವರು. ಆದರೂ 1980ರ ದಶಕದ ನಡುವಿನಲ್ಲಿ ಅದೇ ಘಟಕದ ಎಸ್. ಯಶೋನಾಥ್ ಜೊತೆ ಸೇರಿ ಹರಳುಗಳು ರೂಪ ಬದಲಿಸುವುದನ್ನು ಗಣಕದಲ್ಲಿ ಅಧ್ಯಯನ ಮಾಡಿದರು. ಹರಳಿನ ಪೆಟ್ಟಿಗೆಯ ಆಕಾರವೇ ಲೆಕ್ಕದ ನಡುವೆ ಬದಲಾಗಲು ಬಿಡುವ ವಿಧಾನವನ್ನು ರಹಮಾನ್ ಮತ್ತು ಮಿಕೇಲೆ ಪ್ಯಾರಿನೆಲ್ಲೊ ಆಗಷ್ಟೇ ಕಂಡುಕೊಂಡಿದ್ದರು. ಇಲ್ಲಿ ಅದನ್ನು ಮಾಂಟೆ ಕಾರ್ಲೊ ಎಂಬ ಇನ್ನೊಂದು ಬಗೆಯ ಲೆಕ್ಕಕ್ಕೆ ಒಗ್ಗಿಸಿದರು. ಮುಂದೆ ಯಶೋನಾಥ್ ಜಿಯೊಲೈಟುಗಳ ಕಡೆ ತಿರುಗಿದರು. ಜಿಯೊಲೈಟ್ ಎಂದರೆ ಸಿಲಿಕಾನ್, ಅಲ್ಯುಮಿನಿಯಂ, ಆಮ್ಲಜನಕಗಳ ಹರಳು. ಅದರೊಳಗೆ ಅಣುಗಾತ್ರದ ಕೋಣೆಗಳು, ಕೋಣೆಯಿಂದ ಕೋಣೆಗೆ ಕಿಟಕಿಗಳು. ಪೆಟ್ರೋಲಿಯಂ ಶುದ್ಧೀಕರಣದಲ್ಲಿ ಇವುಗಳದು ದೊಡ್ಡ ಪಾತ್ರ. ಒಳಗೆ ಹೊಕ್ಕ ಅಣು ದೊಡ್ಡದಾದಷ್ಟೂ ನಿಧಾನ ಚಲಿಸಬೇಕು ಎಂದು ಯಾರ ಬುದ್ಧಿಯಾದರೂ ಹೇಳುತ್ತದೆ. 1990ರ ದಶಕದಲ್ಲಿ ಅವರ ಗುಂಪಿನ ಲೆಕ್ಕ ಬೇರೆ ಹೇಳಿತು. ಗಾತ್ರ ಹೆಚ್ಚಿದಂತೆ ವೇಗ ಇಳಿಯುತ್ತದೆ ನಿಜ, ಆದರೆ ಗಾತ್ರ ಕಿಟಕಿಯ ಅಳತೆಯ ಹತ್ತಿರ ಬಂದಾಗ ವೇಗ ಇದ್ದಕ್ಕಿದ್ದಂತೆ ಏರಿ ಶಿಖರ ಮುಟ್ಟಿ ಮತ್ತೆ ಬೀಳುತ್ತದೆ. ಹೊಸಬರು ಇದನ್ನು ಪ್ರೋಗ್ರಾಮಿನ ದೋಷ ಎಂದು ಅಳಿಸಿಹಾಕುತ್ತಿದ್ದರೋ ಏನೋ. ಕಾರಣ ಹುಡುಕಿದಾಗ ಸಿಕ್ಕಿದ್ದು ಸರಳ: ಚಿಕ್ಕ ಅಣು ಕಿಟಕಿಯ ಒಂದು ಅಂಚಿನ ಸೆಳೆತಕ್ಕೆ ಸಿಕ್ಕಿ ಅಲ್ಲೇ ಅಂಟಿಕೊಳ್ಳುತ್ತದೆ, ಕಿಟಕಿಗೆ ಸರಿಯಾಗಿ ಕೂರುವ ಅಣುವನ್ನು ಎಲ್ಲ ಅಂಚುಗಳೂ ಸಮವಾಗಿ ಎಳೆಯುವುದರಿಂದ ಒಂದರ ಬಲ ಇನ್ನೊಂದನ್ನು ಕಳೆಯುತ್ತದೆ, ಅಣು ತೇಲಿಹೋಗುತ್ತದೆ. ಲೆವಿಟೇಶನ್ ಪರಿಣಾಮ ಎಂಬ ಹೆಸರಿನಲ್ಲಿ ಇದು ಈ ಕ್ಷೇತ್ರದ ಪಾಠವಾಯಿತು. ಹೆಮಟೈಟಿನಲ್ಲಿ ಲೆಕ್ಕ ತಪ್ಪು, ಕಣ್ಣು ಸರಿ. ಇಲ್ಲಿ ಲೆಕ್ಕ ಸರಿ, ಸಾಮಾನ್ಯ ಬುದ್ಧಿ ತಪ್ಪು. ಯಾವ ಸಲ ಯಾವುದು ಎಂದು ಹೇಳುವ ನಿಯಮಪುಸ್ತಕ ಇಲ್ಲ. ಆದ್ದರಿಂದಲೇ ಈ ವಿದ್ಯೆ ಪುಸ್ತಕದಿಂದ ಪುಸ್ತಕಕ್ಕೆ ಹೋಗದೆ ಮನುಷ್ಯರಿಂದ ಮನುಷ್ಯರಿಗೆ ಹೋಗುತ್ತದೆ.

ಇದೇ ಕಾರಣಕ್ಕೆ ಈ ಕ್ಷೇತ್ರದ ಸಾಧನೆ ಕೆಲವು ಕಡೆ ಮಾತ್ರ ಗುಂಪುಗೂಡಿದೆ. 1989ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಮುಂದೆ ಜಕ್ಕೂರಿನಲ್ಲಿ ನೆಲೆನಿಂತ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಚಿಕ್ಕ ಸಂಸ್ಥೆ. ಅಲ್ಲಿ ಉಮೇಶ್ ವಾಘ್ಮಾರೆ, ಶೋಭನಾ ನರಸಿಂಹನ್, ಸ್ವಪನ್ ಪತಿ, ಬಾಲಸುಬ್ರಮಣಿಯನ್ ಸುಂದರಂ ಇವರೆಲ್ಲ ಲೆಕ್ಕದ ಕಡೆಯವರು. ಅದೇ ಆವರಣದಲ್ಲಿ ವಸ್ತು ತಯಾರಿಸುವವರು. 2012ರಲ್ಲಿ ಮಾಲಿಬ್ಡಿನಂ ಡೈಸಲ್ಫೈಡಿನ ಒಂದೇ ಪದರದ ಮೇಲೆ ಪ್ರಕಟವಾದ ಲೇಖನವೊಂದನ್ನು ನೋಡಿ. ಎಲೆಕ್ಟ್ರಾನು ತುಂಬುತ್ತಾ ಹೋದಂತೆ ಅದರ ಒಂದು ಕಂಪನ ಮೆತ್ತಗಾಗುತ್ತದೆ, ಇನ್ನೊಂದು ಕದಲುವುದೇ ಇಲ್ಲ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಗುಂಪು ಅಳೆದು ನೋಡಿತು. ಹಾಗೇಕೆ ಎಂದು ಲೆಕ್ಕ ಹಾಕಿ ತೋರಿಸಿದ್ದು ವಾಘ್ಮಾರೆ. ಎರಡೂ ಒಂದೇ ಊರಿನಲ್ಲಿ. ಇಂಟರ್ನೆಟ್ಟಿನ ಕಾಲದಲ್ಲಿ ದೂರ ಸತ್ತಿದೆ ಎನ್ನುವವರು ಇಂಥ ಲೇಖನಗಳ ಲೇಖಕರ ವಿಳಾಸ ನೋಡಬೇಕು.

ಇಂಥ ಜಾಗ ತಲುಪುವ ದಾರಿ ಎಷ್ಟು ಉದ್ದ ಎಂಬುದನ್ನೂ ಮುಚ್ಚಿಡಬಾರದು. ಬಿ.ಎಸ್ಸಿ. ಮೂರು ವರ್ಷ, ಎಂ.ಎಸ್ಸಿ. ಎರಡು, ಪಿಎಚ್.ಡಿ. ಐದೋ ಆರೋ, ಆಮೇಲೆ ಹೊರದೇಶದಲ್ಲೋ ಒಳದೇಶದಲ್ಲೋ ಪೋಸ್ಟ್‌ಡಾಕ್ ಎಂಬ ಅಲೆದಾಟ. ಸಹಾಯಕ ಪ್ರಾಧ್ಯಾಪಕ ಎಂಬ ನಾಮಫಲಕ ಸಿಗುವ ಹೊತ್ತಿಗೆ ವಯಸ್ಸು ಮೂವತ್ತು ದಾಟಿ ಎಷ್ಟೋ ಆಗಿರುತ್ತದೆ. ಕಿರಿಯ ಸಂಶೋಧಕರ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆಯ ಕೂಲಿಯಲ್ಲಿ ಸಂಸಾರ ನಡೆಸುವ ಮನೆಗೆ ಅದು ಸಣ್ಣ ಮೊತ್ತವೇನಲ್ಲ. ತೊಂದರೆ ಇರುವುದು ಅದಕ್ಕೆ ಮುಂಚಿನ ಐದು ವರ್ಷದಲ್ಲಿ, ದುಡ್ಡೂ ಇಲ್ಲದೆ, ಹೀಗೊಂದು ದಾರಿ ಇದೆ ಎಂದು ಹೇಳುವವರೂ ಇಲ್ಲದೆ ಕಳೆಯುವ ಐದು ವರ್ಷದಲ್ಲಿ. ಎಂಜಿನಿಯರಿಂಗಿನ ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲೂ ಬರೆಯಬಹುದು. ವೈದ್ಯಕೀಯದ ನೀಟ್‌ನಲ್ಲಿ ಆ ಅವಕಾಶ ಅದಕ್ಕೂ ಮೊದಲಿನಿಂದ ಇದೆ. ಎಂ.ಎಸ್ಸಿ.ಗೆ ಐಐಟಿ ಸೇರಲು ಬರೆಯುವ ಜ್ಯಾಮ್ ಇಂಗ್ಲಿಷಿನಲ್ಲಿ ಮಾತ್ರ. ಮೂಲವಿಜ್ಞಾನದ ಬಾಗಿಲಲ್ಲಿ ಕನ್ನಡಕ್ಕೆ ಪ್ರವೇಶವಿಲ್ಲ.

ಇಷ್ಟು ಹೇಳಿದ ಮೇಲೆ ಕೆಲವು ಆಕ್ಷೇಪಗಳಿಗೆ ಉತ್ತರ ಕೊಡಬೇಕಾಗುತ್ತದೆ. ಮೊದಲನೆಯದು ಈಚಿನದು: ಕೃತಕ ಬುದ್ಧಿಮತ್ತೆ ಬಂದಿದೆ, ಇನ್ನು ವಿವೇಚನೆಯನ್ನೂ ಯಂತ್ರವೇ ಮಾಡುತ್ತದೆ, ಗುರುವಿನ ಪಕ್ಕ ಕೂರುವ ಮಾತೆಲ್ಲ ಹಳೆಯದು. 2023ರ ನವೆಂಬರಿನಲ್ಲಿ ಗೂಗಲ್ ಡೀಪ್‌ಮೈಂಡ್ ಸಂಸ್ಥೆ ತನ್ನ ಯಂತ್ರ 22 ಲಕ್ಷ ಹೊಸ ಹರಳುಗಳನ್ನು ಊಹಿಸಿದೆ, ಅವುಗಳಲ್ಲಿ ಸುಮಾರು 3.8 ಲಕ್ಷ ಸ್ಥಿರವಾದವು ಎಂದು ಪ್ರಕಟಿಸಿದಾಗ ಪತ್ರಿಕೆಗಳು ಶತಮಾನಗಳ ಕೆಲಸ ಒಂದೇ ಏಟಿಗೆ ಮುಗಿಯಿತು ಎಂಬಂತೆ ಬರೆದವು. ಮರುವರ್ಷ ಆಂಟನಿ ಚೀಥಂ ಮತ್ತು ರಾಮ್ ಶೇಷಾದ್ರಿ ಆ ಪಟ್ಟಿಯನ್ನು ಕೂತು ಓದಿದರು. ಕೈಗೆಟುಕದಷ್ಟು ವಿರಳವಾದ ವಿಕಿರಣಶೀಲ ಧಾತುಗಳಿಂದ ಕೂಡಿದ ಸಾವಿರಾರು ಸಂಯುಕ್ತಗಳು ಅದರಲ್ಲಿದ್ದವು. ಗೊತ್ತಿರುವ ವಸ್ತುವಿನಲ್ಲಿ ಒಂದು ಧಾತು ತೆಗೆದು ಅದರ ಅಣ್ಣನನ್ನೋ ತಮ್ಮನನ್ನೋ ಕೂರಿಸಿದವು ಬಹಳ ಇದ್ದವು. ಹೊಸತನ, ನಂಬಿಕೆ, ಉಪಯೋಗ ಮೂರೂ ಒಟ್ಟಿಗೆ ಇರುವಂಥದ್ದು ಕಾಣುವುದು ಕಷ್ಟ ಎಂದು ಅವರು ಸ್ಪಷ್ಟವಾಗಿ ಬರೆದರು. ಈ ಶೇಷಾದ್ರಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಬಳಿ ಪಿಎಚ್.ಡಿ. ಮಾಡಿದವರು, ಚೀಥಂ ರಾವ್ ಅವರ ದೀರ್ಘಕಾಲದ ಒಡನಾಡಿ. ಯಂತ್ರ ಲಕ್ಷಗಟ್ಟಲೆ ಉತ್ತರ ಸುರಿದಷ್ಟೂ ಅವುಗಳನ್ನು ಜರಡಿ ಹಿಡಿಯುವವರ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಯಂತ್ರದ ಊಹೆ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. 2024ರ ರಸಾಯನವಿಜ್ಞಾನದ ನೊಬೆಲ್ ಪ್ರೋಟೀನುಗಳ ವಿಷಯದಲ್ಲಿ ಇಂಥದೇ ಕೆಲಸಕ್ಕೆ ಸಂದಿದೆ, ಅದು ಯೋಗ್ಯವೂ ಹೌದು. ಆದರೆ ಆ ಯಂತ್ರ ಕಲಿತದ್ದು ಪ್ರಯೋಗಕಾರರು ದಶಕಗಳ ಕಾಲ ಒಂದೊಂದಾಗಿ ಅಳೆದು ಕೂಡಿಟ್ಟ ಸಂಗ್ರಹದಿಂದ ಎಂಬುದನ್ನು ಮರೆಯಬಾರದು.

ಎರಡನೆಯ ಆಕ್ಷೇಪ ನಮ್ಮ ನೆಲದ್ದು, ಹೆಚ್ಚು ತೂಕದ್ದು. ಅನಂತಪುರ ದೇಶದ ಅತಿ ಕಡಿಮೆ ಮಳೆಯ ಜಿಲ್ಲೆಗಳಲ್ಲಿ ಒಂದು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು. ಇಂಥಲ್ಲಿ ಎಲೆಕ್ಟ್ರಾನುಗಳ ಲೆಕ್ಕ ಯಾರಿಗೆ ಬೇಕು? ಇಲ್ಲಿ ಒಂದು ಸತ್ಯ ಒಪ್ಪಿಕೊಳ್ಳಲೇಬೇಕು. ಆಗಿನ ಅನಂತಪುರ ಜಿಲ್ಲೆಯ ನೂರಾರು ಹಳ್ಳಿಗಳಿಗೆ ಒಳ್ಳೆಯ ನೀರು ಬಂದದ್ದು 1990ರ ದಶಕದ ಮಧ್ಯದಲ್ಲಿ ಪುಟ್ಟಪರ್ತಿಯ ಸತ್ಯಸಾಯಿ ಯೋಜನೆ ಹಾಸಿದ ಕೊಳವೆಗಳಿಂದ. ಗಣಕ ರಸಾಯನ ಅದರಲ್ಲಿ ಒಂದು ಹನಿಯನ್ನೂ ಕೊಡಲಿಲ್ಲ. ಆದರೆ ಕೊಳವೆ ತಲುಪದ ಕಡೆ ಫ್ಲೋರೈಡನ್ನು ಹಿಡಿಯುವ ಪುಡಿ ಬೇಕಾಗುತ್ತದೆ, ಅಲ್ಯುಮಿನಾ ಆಗಲಿ ಇನ್ನೊಂದಾಗಲಿ. ಅಂಥ ಪುಡಿಯ ಮೇಲ್ಮೈಗೆ ಫ್ಲೋರೈಡು ಎಷ್ಟು ಬಲವಾಗಿ ಅಂಟುತ್ತದೆ ಎಂಬ ಲೆಕ್ಕದ ಲೇಖನಗಳು ಸಾಕಷ್ಟು ಬರುತ್ತವೆ. ಬಹುಪಾಲು ಲೆಕ್ಕಗಳಲ್ಲಿ ಇರುವುದು ಶುಭ್ರವಾದ ಒಂದು ಮೇಲ್ಮೈ, ಒಂದು ಫ್ಲೋರೈಡು, ಸುತ್ತ ನಿರ್ವಾತ ಅಥವಾ ನಾಲ್ಕಾರು ನೀರಿನ ಅಣು. ಮಡಕಶಿರಾದ ಕೊಳವೆಬಾವಿಯ ನೀರು ಹಾಗಿಲ್ಲ. ಫ್ಲೋರೈಡು ಹೆಚ್ಚಿರುವ ಕಲ್ಲುನೆಲದ ನೀರಿನಲ್ಲಿ ಬೈಕಾರ್ಬೊನೇಟೂ ಹೇರಳ, ಸಿಲಿಕೇಟೂ ಇರುತ್ತದೆ. ಅವೂ ಅದೇ ಮೇಲ್ಮೈಗೆ ಪೈಪೋಟಿಗೆ ಬೀಳುತ್ತವೆ. ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯೊಳಗೆ ನೀರನ್ನು ಇಳಿಸಲು ಆ ಪುಡಿ ಎಷ್ಟು ಬಕೆಟ್ಟಿನವರೆಗೆ ತಡೆದೀತು ಎಂಬುದು ಆ ಪೈಪೋಟಿಯ ಮೇಲೆ ನಿಂತಿದೆ. ಬಾವಿಯ ನೀರು ಕುಡಿದು ಬೆಳೆದವರಿಗೆ ಈ ಪ್ರಶ್ನೆ ಮೊದಲು ಹೊಳೆಯುತ್ತದೆ. ದೂರದವರಿಗೆ ಕೊನೆಗೆ ಹೊಳೆಯುತ್ತದೆ, ಇಲ್ಲವೇ ಹೊಳೆಯುವುದೇ ಇಲ್ಲ. ನೀರಿನಂತೆ ಬಿಸಿಲಿನ ಲೆಕ್ಕವೂ ಈ ನೆಲದ್ದೇ: ಪಕ್ಕದ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕು ಹರಡಿದೆ. ಹೆಮಟೈಟಿನಲ್ಲಿ ನೋಡಿದ ಶಕ್ತಿಯ ಅಂತರ ಆ ಫಲಕಗಳ ಸಿಲಿಕಾನಿನಲ್ಲಿ 1.1 ಎಲೆಕ್ಟ್ರಾನ್ ವೋಲ್ಟ್. ಸಾಮಾನ್ಯ ಲೆಕ್ಕ ಅದನ್ನೂ ಅರ್ಧದಷ್ಟೇ ತೋರಿಸುತ್ತದೆ. ಜಮೀನು ಕೊಟ್ಟವರ ಮಕ್ಕಳಿಗೆ ಫಲಕ ಒರೆಸುವ ಕೆಲಸವೊಂದೇ ಗತಿ ಎನ್ನುವ ಹಾಗಾಗಬಾರದಲ್ಲ!

ಮೂರನೆಯದು ಭಾಷೆಯದು. ಸಂಶೋಧನೆ ಇಂಗ್ಲಿಷಿನಲ್ಲಿ, ಲೇಖನ ಇಂಗ್ಲಿಷಿನಲ್ಲಿ, ಕನ್ನಡ ಶಾಲೆಯ ಮಕ್ಕಳನ್ನು ಈ ಕಡೆ ಎಳೆದು ಏಕೆ ಗೋಳುಹೊಯ್ದುಕೊಳ್ಳುತ್ತೀರಿ ಎಂದು. ಸಂಶೋಧನಾ ಲೇಖನ ಕನ್ನಡದಲ್ಲಿ ಬರಬೇಕೆಂಬ ಹಟ ನನಗಿಲ್ಲ. ಜಪಾನೀಯರೂ ಜರ್ಮನರೂ ಈಗ ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಆದರೆ ಅವರು ಯೋಚಿಸಲು ಕಲಿತದ್ದು ಇಂಗ್ಲಿಷಿನಲ್ಲಿ ಅಲ್ಲ. ಉತ್ತರವನ್ನು ಅನುಮಾನಿಸುವ ಅಭ್ಯಾಸ ಹದಿನಾರು ಹದಿನೇಳರ ವಯಸ್ಸಿನಲ್ಲಿ ಹಿಡಿಯಬೇಕು, ಅದಕ್ಕೆ ಮೇಷ್ಟರನ್ನು ಅಡ್ಡ ಪ್ರಶ್ನೆ ಕೇಳುವಷ್ಟು ಸಲೀಸಾದ ಭಾಷೆ ಬೇಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆಲೂರು, ಆದವಾನಿ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದಾಗಿನಿಂದ ಇಲ್ಲಿನ ಕನ್ನಡ ಮಾಧ್ಯಮದ ಮಗು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಮೇಲಿನ ಓದಿಗೆ ಇಂಗ್ಲಿಷು ಎಂದು ಮೂರು ದೋಣಿಯಲ್ಲಿ ಕಾಲಿಟ್ಟು ಬೆಳೆಯುತ್ತದೆ. 2021ರಲ್ಲಿ ಆಂಧ್ರ ಸರ್ಕಾರ ಪದವಿ ತರಗತಿಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ತೀರ್ಮಾನ ಮಾಡಿದ ಮೇಲೆ ಈ ತೊಡಕು ಇನ್ನೂ ಹೆಚ್ಚಿದೆ. ಪದವಿಯ ಮೊದಲ ವರ್ಷದಲ್ಲಿ ಬಾಯಿ ಮುಚ್ಚಿದ ಹುಡುಗಿ ಪಿಎಚ್.ಡಿ. ಸಂದರ್ಶನದಲ್ಲಿ ಬಾಯಿ ತೆರೆಯುವುದು ಕಷ್ಟ, ಅವಳಿಗೆ ಎಷ್ಟೇ ಗೊತ್ತಿರಲಿ. ಇದಕ್ಕೆ ಬೇಕಾದ್ದು ಮಾಧ್ಯಮದ ಮೇಲಿನ ಇನ್ನೊಂದು ಚರ್ಚೆಯಲ್ಲ. ಸಂಜೆ ಹೊತ್ತು ಕನ್ನಡದಲ್ಲೋ ತೆಲುಗಿನಲ್ಲೋ ರಸಾಯನವಿಜ್ಞಾನ ಮಾತಾಡುವ ಒಬ್ಬ ಅಧ್ಯಾಪಕರು.

ಗಡಿ ಈ ದಾರಿಗೆ ಅಡ್ಡಿ ಎಂಬ ಮಾತೂ ಅರ್ಧ ಮಾತ್ರ ನಿಜ. ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಸೀಟಿಗೆ ಗಡಿನಾಡ ಕನ್ನಡಿಗ ಎಂಬ ಅರ್ಹತೆಯನ್ನು ಕಾಗದಪತ್ರ ಹಿಡಿದು ಸಾಬೀತು ಮಾಡಬೇಕು. ಭಾರತೀಯ ವಿಜ್ಞಾನ ಸಂಸ್ಥೆಗಾಗಲಿ ಜಕ್ಕೂರಿನ ಕೇಂದ್ರಕ್ಕಾಗಲಿ ಸೇರಲು ಯಾವ ರಾಜ್ಯದವರು ಎಂದು ಯಾರೂ ಕೇಳುವುದಿಲ್ಲ. ವಿದ್ಯೆಗಾಗಿ ಈ ಸೀಮೆಯವರು ಗಡಿ ದಾಟಿದ್ದು ಹೊಸದೂ ಅಲ್ಲ. ಅನಂತಪುರ ಜಿಲ್ಲೆಯ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರಿಗೆ ಹೋಗಿ, ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿ, ಸಂಗೀತದಲ್ಲೂ ದೊಡ್ಡ ಹೆಸರಾದರು. ಅವರ ಪ್ರತಿಭೆಯನ್ನು ಗುರುತಿಸಿ ಒತ್ತಾಸೆಯಾಗಿ ನಿಂತವರು ಅಲ್ಲಿದ್ದರು, ಸಿ.ಆರ್. ರೆಡ್ಡಿಯವರಂಥವರು. ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಮಧುಗಿರಿ ಹಾದು ತುಮಕೂರಿಗೆ ಹೋಗಬೇಕಾದ 207 ಕಿಲೋಮೀಟರಿನ ರೈಲುದಾರಿ 2007–08ರಲ್ಲಿ ಮಂಜೂರಾಗಿ ತುಂಡು ತುಂಡಾಗಿ ಸಾಗುತ್ತಿದೆ. ಅದು ಮುಗಿಯುವುದನ್ನು ಕಾಯಬೇಕಾಗಿಲ್ಲ. ಮೊಳಕಾಲ್ಮೂರು ದಾಟಿದರೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 1,500 ಎಕರೆಯ ಇನ್ನೊಂದು ಆವರಣ ಇದೆ. ವಿಜ್ಞಾನ ಅಧ್ಯಾಪಕರಿಗೆ ತರಬೇತಿ ಕೊಡುವ ಕೇಂದ್ರ ಅಲ್ಲಿ ಹಲವು ವರ್ಷಗಳಿಂದ ನಡೆದಿದೆ. ದನ ಮೇಯುವ ಅಮೃತಮಹಲ್ ಕಾವಲನ್ನು ಆ ಆವರಣಕ್ಕಾಗಿ ಕಳೆದುಕೊಂಡ ಹಳ್ಳಿಗಳ ದೂರು ಆ ಆವರಣದ ಜೊತೆಗೇ ಇದೆ; ಆ ಸಾಲ ಅದು ತೀರಿಸಬೇಕಾದದ್ದು ಸುತ್ತಣ ಸೀಮೆಗೆ, ಆಂಧ್ರದ ಗೆರೆಯಾಚೆಗಿನ ಹಳ್ಳಿಗಳನ್ನೂ ಸೇರಿಸಿ.

ಆದ್ದರಿಂದ ದತ್ತಿಗಳನ್ನು ಇಡುವವರಿಗೆ ನನ್ನ ಸಲಹೆ ಸ್ವಲ್ಪ ಬೇರೆ. ಲ್ಯಾಪ್‌ಟಾಪು ಹಂಚುವುದಕ್ಕೆ ಸರ್ಕಾರಗಳಿವೆ, ಕಂಪನಿಗಳಿವೆ. ಫೋಟೋ ತೆಗೆಸಿಕೊಳ್ಳಲು ಅದು ಅನುಕೂಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಪ್ರತಿವರ್ಷ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಆಯ್ಕೆಯಾದವರು ಎಂಟು ವಾರ ಒಬ್ಬ ವಿಜ್ಞಾನಿಯ ಜೊತೆ ಅವರದೇ ಪ್ರಯೋಗಾಲಯದಲ್ಲಿ ಕೆಲಸ ಮಾಡಬಹುದು. ಅದಕ್ಕೆ ವಿದ್ಯಾರ್ಥಿಗಳಷ್ಟೇ ಅಲ್ಲ, ಅಧ್ಯಾಪಕರೂ ಅರ್ಜಿ ಹಾಕಬಹುದು ಎಂಬುದು ಹೆಚ್ಚು ಮಂದಿಗೆ ಗೊತ್ತಿಲ್ಲ. ರಾಯದುರ್ಗದಿಂದ ಒಬ್ಬರು, ಮಡಕಶಿರಾದಿಂದ ಒಬ್ಬರು ರಸಾಯನವಿಜ್ಞಾನದ ಅಧ್ಯಾಪಕರು ಮೊದಲು ಹೋಗಿಬರಲಿ. ಅರ್ಜಿ ಬರೆಯಲು ನೆರವು, ಆ ಎಂಟು ವಾರ ಊರಿನ ಮನೆಯ ಖರ್ಚು, ಹಿಂದಿರುಗಿದ ಮೇಲೆ ಕಾಲೇಜಿನಲ್ಲಿ ವಾರಕ್ಕೆರಡು ಸಂಜೆಯ ಬಿಡುವು, ದತ್ತಿಯ ಬಡ್ಡಿ ಇಷ್ಟಕ್ಕೆ ಸಾಕಾಗುತ್ತದೆ. ಹೀಗೆ ತಯಾರಾದ ಹುಡುಗರು ಕೊನೆಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೇ ಹೋದರೆ ಏನು ಬಂತು ಎಂದು ಕೇಳುವವರು ಇದ್ದಾರೆ. ಹೋಗುತ್ತಾರೆ, ಅರ್ಧಕ್ಕಿಂತ ಹೆಚ್ಚು ಮಂದಿ ಹೋದರೂ ಆಶ್ಚರ್ಯವಿಲ್ಲ. ಪರದೆಯ ಮೇಲೆ ಬಂದ ಉತ್ತರವನ್ನು ಹಾಗೇ ಒಪ್ಪದೆ ಇನ್ನೆರಡು ಕಡೆಯಿಂದ ಒರೆಹಚ್ಚಿ ನೋಡಬಲ್ಲವರು ಆ ಕಂಪನಿಗಳಿಗೂ ಹೆಚ್ಚು ಸಿಗುತ್ತಿಲ್ಲ.